ಒಣಮೀನಿನ ಪಕ್ಕದ ಲ್ಯಾಪ್‌ಟಾಪ್

ಹೆಮ್ಮಾಡಿ,
ಸೋಮವಾರ, ೨೩–೯–೨೦೨೪

ಪ್ರೀತಿಯ ಅತ್ತಿಗೆ,

ನಿಮ್ಮ ಮಂಡಿನೋವು ಹೇಗಿದೆ? ಅಶೋಕಣ್ಣನ ಶುಗರ್ ಹತೋಟಿಯಲ್ಲಿದೆಯೇ? ಇಲ್ಲಿ ಅಮ್ಮ ಗಟ್ಟಿಯಾಗಿದ್ದಾಳೆ. ಮೀನಿನ ಕಣ್ಣು ನೋಡಿ, ಇದು ಇವತ್ತಿನದಲ್ಲ ಎಂದು ಈಗಲೂ ವಾಪಸು ಕಳಿಸುತ್ತಾಳೆ. ಮೊನ್ನೆ ಶನಿವಾರ ನನ್ನ ಕನ್ನಡ ತರಗತಿಯಲ್ಲಿ ನಿಮ್ಮ ಮಗ ಮಿಥುನನ ಹೆಸರು ಕಾಣಲಿಲ್ಲ. ಕಾರಣ ನನಗೆ ಗೊತ್ತು. ಅದಕ್ಕೇ ಈ ಕಾಗದ. ಓದಲು ಸುಲಭವಾಗಲೆಂದು ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ.

ಎಲ್ಲ ಶುರುವಾದದ್ದು ಈ ಹಳೆಯ ಲ್ಯಾಪ್‌ಟಾಪಿನಿಂದ. ಮುಂಬೈಯಲ್ಲಿ ಹೋಟೆಲು ನಡೆಸುವ ನಮ್ಮೂರವರ ಮಕ್ಕಳಿಗೆ ಇದರಲ್ಲೇ ಅಲ್ಲವೇ ಕನ್ನಡ ಪಾಠ? ನಾಲ್ಕು ಮುಖ ಒಟ್ಟಿಗೆ ಕಂಡರೆ ಸಾಕು, ನಿಂತುಬಿಡುತ್ತಿತ್ತು. ಹಾಗಾಗಿ ಎಲ್ಲರೂ ವಿಡಿಯೊ ಮುಚ್ಚಿಯೇ ಕೂರಬೇಕಿತ್ತು. ರ‍್ಯಾಮ್ ಹೆಚ್ಚಿಸಬೇಕು ಎಂದಾಗ ಅಮ್ಮ, "ಜಾಗ ಇಲ್ದಿರೆ ಹಳೇ ಫೋಟೊ ತೆಗ್ದ್ ಬಿಸಾಡ್" ಎಂದಳು. ಜಾಗದ ಮಾತಲ್ಲಮ್ಮಾ, ಅಟ್ಟದಲ್ಲಿ ಎಷ್ಟು ಮೀನಿದ್ದರೇನು, ಕಾವಲಿ ಸಣ್ಣದಾದರೆ ಒಮ್ಮೆಗೆ ಎರಡೇ ಬಂಗುಡೆ ಅಲ್ಲವೇ ಎಂದೆ. "ಹಂಗಾರೆ ದೊಡ್ಡ್ ಕಾವ್ಲಿ ತಕೊ" ಎಂದು ಒಪ್ಪಿಗೆ ಕೊಟ್ಟಳು.

ಕುಂದಾಪುರದಲ್ಲಿ ರಿಪೇರಿಯ ಗುಣಪಾಲ ತಳ ಬಿಚ್ಚಿದವನೇ ಮೂಗು ಮುಚ್ಚಿದ. "ಹ್ವಾಯ್ ಟೀಚರ್ರೆ, ಇದ್ರೊಳ್ಗ್ ಎಂತ, ಒಣ್ ಬಂಗ್ಡಿ ಇಟ್ಟಿದ್ರ್ಯಾ?" ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆಮೇಲೆ ತಿಳಿಯಿತು: ಮಳೆಗಾಲದ ಥಂಡಿ ಹಿಡಿಯಬಾರದೆಂದು, ನಾನು ಹೊರಗೆ ಹೋದಾಗಲೆಲ್ಲ ಅಮ್ಮ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಮೀನಿನ ಡಬ್ಬದ ಪಕ್ಕ ಬೆಚ್ಚಗೆ ಇಡುತ್ತಿದ್ದಳಂತೆ! ಹಳೆಯ ರ‍್ಯಾಮಿನ ಅಂಚಿಗೆ ಹಿಡಿದ ಕಿಲುಬನ್ನು ಗುಣಪಾಲ ರಬ್ಬರಿನಿಂದ ಉಜ್ಜಿ ತೆಗೆದ. ಪಕ್ಕದ ಖಾಲಿ ಜಾಗಕ್ಕೆ ಹೊಸತೊಂದು ಕೂರಿಸಲು ಹೋದರೆ ಕಚ್ಚು ಹೊಂದಲಿಲ್ಲ. ಹಳೆಯ ಲ್ಯಾಪ್‌ಟಾಪಿಗೆ ಅದರ ಕಾಲದ್ದೇ ಬೇಕಂತೆ. ಅದನ್ನು ಉಡುಪಿಯಿಂದ ತರಿಸಿ ಹಾಕಿದ ಮೇಲೆ ಮನೆಗೆ ತಂದೆ.

ಮೊನ್ನೆಯದಕ್ಕಿಂತ ಹಿಂದಿನ ಶನಿವಾರ, ಆ ಹುರುಪಿನಲ್ಲಿ, ಎಲ್ಲರೂ ಮುಖ ತೋರಿಸಿ ಎಂದುಬಿಟ್ಟೆ. ಒಂದೊಂದೇ ಮುಖ ತೆರೆದುಕೊಂಡಿತು. ಮಿಥುನನ ಹೆಸರಿನ ಮೇಲೆ ನೀವಿದ್ದಿರಿ. ಹಿಂದೆ ಅಡುಗೆಮನೆ, ಕೈಯಲ್ಲಿ ಪೆನ್ಸಿಲು. ನನ್ನ ಕಣ್ಣು ನಿಮ್ಮ ಮೇಲೆ ಬೀಳುವಷ್ಟರಲ್ಲಿ ಆ ಚೌಕ ಕಪ್ಪಾಯಿತು. ಗಂಟಲು ಸರಿಯಿಲ್ಲವೆಂದು ಇಷ್ಟು ದಿನ ಉತ್ತರಗಳನ್ನು ಟೈಪ್ ಮಾಡಿ ಕಳಿಸುತ್ತಿದ್ದ ಜಾಣ ಯಾರೆಂದು ಆಗ ಗೊತ್ತಾಯಿತು. ಉಳಿದ ಮಕ್ಕಳು ಲ, ಳ ಬೆರೆಸಿದರೂ ಮಿಥುನ ಒಬ್ಬ ತಪ್ಪುತ್ತಿರಲಿಲ್ಲ. ನಿಮ್ಮ ಮರಾಠಿಯಲ್ಲೂ ಳ ಇದೆಯಲ್ಲ!

ನಾಚಿಕೆಪಡಬೇಡಿ ಅತ್ತಿಗೆ. ಫೋನಿನಲ್ಲಿ ನೀವು "ಊಟ ಆಯ್ತಾ" ಎಂದು ಕೇಳಿ ಅಣ್ಣನ ಕೈಗೆ ಕೊಟ್ಟಾಗಲೆಲ್ಲ ಅಮ್ಮ ನಿಮ್ಮ ಬಗ್ಗೆ ಹೇಳುವುದು ಒಂದೇ ಮಾತು: "ಅದ್ಕ್ ನಮ್ಮತ್ರ ಮಾತಾಡುಕ್ ಮನ್ಸಿಲ್ಲೆ." ಬೇಸರ ಮಾಡಿಕೊಳ್ಳಬೇಡಿ, ಅವಳು ಕೇಳಿದ್ದು ಆ ಎರಡು ಪದ ಮಾತ್ರ. ಪೆನ್ಸಿಲು ಹಿಡಿದ ನಿಮ್ಮನ್ನು ಅವಳು ನೋಡಿಲ್ಲ. ನೀವು ಕಲಿಯುವುದನ್ನು ಇಲ್ಲಿಗೇ ಬಿಟ್ಟರೆ ಅಮ್ಮ ಅದನ್ನೇ ನಂಬಿಕೊಂಡು ಇರುತ್ತಾಳೆ. ನನಗೆ ಅದೊಂದೇ ಚಿಂತೆ.

ಅಣ್ಣನಿಗೆ ನನ್ನ ನಮಸ್ಕಾರ ಹೇಳಿ. ಮಿಥುನನಿಗೆ ಆಶೀರ್ವಾದ, ಹೆಸರು ಸಾಲ ಕೊಟ್ಟದ್ದಕ್ಕೆ ಇನ್ನೊಂದು ಹೆಚ್ಚಿಗೆ.

ನಿಮ್ಮ ನಾದಿನಿ,
ಶ್ರೀಲತಾ

ಅಂಚೆಗೆ ಹಾಕುವ ಮುಂಚೆ ಇಷ್ಟು: ಲಕೋಟೆಯ ಮೇಲೆ ನಿಮ್ಮ ಹೆಸರು ಮಾತ್ರ ಇದೆ. ಅಣ್ಣನಿಂದ ಓದಿಸಬೇಡಿ, ನಿಧಾನವಾದರೂ ನೀವೇ ಓದಿ. ಅಮ್ಮನಿಗೆ ನಾನು ಏನೂ ಹೇಳಿಲ್ಲ. ಓದಿ ಮುಗಿಸಿದ ದಿನ ಫೋನ್ ಮಾಡಿ. ಊಟ ಆಯ್ತಾ ಎಂದ ಮೇಲೆ ಇನ್ನೊಂದು ಮಾತು ಕೇಳಿ, ಲ್ಯಾಪ್‌ಟಾಪನ್ನು ಒಣಮೀನಿನ ಪಕ್ಕ ಯಾಕೆ ಇಟ್ಟಿರಿ ಎಂದು. ಆಮೇಲೆ ಅವಳು ನಿಮ್ಮನ್ನು ಫೋನಿಡಲು ಬಿಡುವುದಿಲ್ಲ.