ಸಾವಂತ್ರಿಯ ಸಾಲು ಅಳಿಸಿದ ಕೈ

ಗದಗ, ಫೆಬ್ರವರಿ ೩೦, ೨೧೮೧

ದಾಕ್ಷಾಯಿಣಿ ಅಕ್ಕೋರಿಗೆ, ಇಬ್ಬರು ಮಕ್ಕಳ ತಾಯಿ ಶಿವಲೀಲಾಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಈಗ ಫೆಬ್ರವರಿಗೂ ಮೂವತ್ತು ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನೂರೈವತ್ತು ವರ್ಷಗಳ ಹಿಂದೆ ನಿಮ್ಮ ತರಗತಿಯ ಮಕ್ಕಳೊಂದಿಗೆ ನೀವು ಆರಂಭಿಸಿದ, ಎಲ್ಲರೂ ಸೇರಿ ಬರೆದು ತಿದ್ದುವ ವಿಕಿಯನ್ನು ನಾವು ಕೂಡುಹಾಳೆ ಎನ್ನುತ್ತೇವೆ. ಅದರ ಮೊಟ್ಟಮೊದಲ ಪುಟದ ಚರ್ಚೆಯ ಜಾಗದಲ್ಲಿ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಮುಟ್ಟುತ್ತದೆಯೋ ಇಲ್ಲವೋ, ತಿಳಿಯದು.

ಈಗ ಶಾಲೆಗಳಲ್ಲಿ ಪುಸ್ತಕವಿಲ್ಲ, ತರಗತಿಯ ಗೋಡೆಯೇ ಕೂಡುಹಾಳೆ. ಮಕ್ಕಳು ಬರೆಗವಸು ತೊಟ್ಟು ಬರೆಯುತ್ತಾರೆ. ಬರೆಯುತ್ತಿರುವುದು ಯಾರ ಕೈ ಎಂದು ಹಾಳೆಗೆ ತಿಳಿಸುವ ಕೈಗವಸು ಅದು. ಅಡುಗೆಮನೆಯ ಗೋಡೆಯ ಮೇಲೂ ಅದೇ ಹಾಳೆ ತೆರೆಯುವುದರಿಂದ ರೊಟ್ಟಿ ಬಡಿಯುತ್ತಲೇ ಮಕ್ಕಳ ಪಾಠ ಓದುತ್ತೇವೆ. ಏಳು ದಿನ ಯಾರೂ ಅಳಿಸದ ಸಾಲು ಪಾಠವಾಗುತ್ತದೆ. ಅಳಿಸಿದವರು ತರಗತಿಯ ಎದುರು ನಿಂತು ಕಾರಣ ಹೇಳಬೇಕು. ಈ ನಿಯಮದ ಕೆಳಗೆ ಇವತ್ತಿಗೂ ನಿಮ್ಮ ಹೆಸರಿದೆ.

ನನ್ನ ಮಗಳು ಸಾವಂತ್ರಿಗೆ ಏಳು ವರ್ಷ, ಮಗ ಇನ್ನೂ ತೊಟ್ಟಿಲ ಕೂಸು. ‘ನಿದ್ದೆ’ ಎಂಬ ಪಾಠಕ್ಕೆ ಅವಳು ಬರೆದದ್ದು ಇಷ್ಟು: “ದೊಡ್ಡವರು ಮಲಗೂದಿಲ್ಲ. ತಮ್ಮ ಉಸಿರಾಡ್ತಾನೋ ಇಲ್ಲೋ ಅಂತ ನಮ್ಮವ್ವ ನೋಡ್ಕೋತ ಕೂಡ್ತಾಳ.”

ಮೊನ್ನೆ ಬೆಳಿಗ್ಗೆ, ಕೈಯೆಲ್ಲ ಹಿಟ್ಟಾಗಿದ್ದಾಗ ಅದನ್ನು ಓದಿದೆ. ಎಲ್ಲರ ಅಡುಗೆಮನೆಯಲ್ಲೂ ಇದನ್ನು ಓದುತ್ತಾರಲ್ಲ ಎನಿಸಿತು. ಅವಳು ಸ್ನಾನಕ್ಕೆ ಹೋಗಿದ್ದಳು. ಅವಳ ಪುಟ್ಟ ಗವಸಿನೊಳಗೆ ನನ್ನ ಎರಡು ಬೆರಳು ತುರುಕಿ, ಸಾಲು ಅಳಿಸಿ, ‘ದೊಡ್ಡವರು ದಿನಕ್ಕೆ ಎಂಟು ತಾಸು ಮಲಗುತ್ತಾರೆ’ ಎಂದು ಬರೆದುಬಿಟ್ಟೆ. ತಪ್ಪು ತಿದ್ದಿದೆ ಅಂದುಕೊಂಡೆ. ತಪ್ಪೇ ತಾನೇ ಅದು?

ಅಳಿಸಿದವಳು ಸಾವಂತ್ರಿ ಎಂದೇ ಹಾಳೆ ತೋರಿಸುತ್ತಿದೆ. ನಿನ್ನೆ ಅವಳನ್ನು ಎಲ್ಲರೆದುರು ನಿಲ್ಲಿಸಿದರಂತೆ. “ನಾ ಅಳಿಸಿಲ್ರಿ” ಅಂದಳಂತೆ. “ಹಂಗಾರ ನಿನ್ನ ಕೈ ನಿನ್ನ ಕೇಳದನ ಅಳಸ್ತೈತೇನ?” ಎಂದು ಅವಳ ಗೆಳತಿ ಚೆನ್ನವ್ವ ಎಲ್ಲರನ್ನೂ ನಗಿಸಿದಳಂತೆ. ಮನೆಗೆ ಬಂದವಳು ನನ್ನನ್ನು ಕೇಳಿದಳು: “ಯವ್ವಾ, ನಾ ಮಾಡಿದ್ದು ನನಗ ನೆನಪ ಇರೂದಿಲ್ಲೇನ?”

“ಒಮ್ಮೊಮ್ಮೆ ಹಂಗ ಆಗ್ತದವ್ವಾ” ಅಂದೆ. ಅಂದೇಬಿಟ್ಟೆ.

ಇವತ್ತು ಅವಳು ಗವಸು ಮುಟ್ಟಲಿಲ್ಲ. ತನ್ನ ಕೈಯನ್ನೇ ಹೊರಳಿಸಿ ಹೊರಳಿಸಿ ನೋಡುತ್ತಾ ಶಾಲೆಗೆ ಹೋದಳು.

ಅಕ್ಕೋರೆ, ನನಗೆ ದಿಕ್ಕೇ ತೋಚುತ್ತಿಲ್ಲ. ದೊಡ್ಡವರು ಮಗುವಿನ ಗವಸಿನಲ್ಲಿ ಬರೆದದ್ದು ಗೊತ್ತಾದರೆ ಆ ಮಗುವಿನ ಗವಸನ್ನು ಒಂದು ವರ್ಷ ಕಸಿದುಕೊಳ್ಳುತ್ತಾರೆ. ಹೇಳದೆ ಸುಮ್ಮನಿದ್ದರೆ ಅವಳು ತನ್ನ ಕೈಯನ್ನೇ ನಂಬದೆ ಬೆಳೆಯುತ್ತಾಳೆ. ನೀವು ನಿಯಮ ಬರೆಯುವ ದಿನ ಈ ಪತ್ರ ಮುಟ್ಟಿದರೆ, ತಾಯಂದಿರ ತಪ್ಪಿಗೆ ಮಕ್ಕಳ ಬರವಣಿಗೆ ನಿಲ್ಲಿಸಬಾರದು ಎಂದು ಒಂದು ಸಾಲು ಸೇರಿಸಿ.

ಮುಟ್ಟದಿದ್ದರೂ, ಕೂಸನ್ನು ಎತ್ತಿಕೊಂಡು ಈಗಲೇ ಶಾಲೆಗೆ ಹೊರಟಿದ್ದೇನೆ. ಆ ಮಕ್ಕಳ ಎದುರು ನಿಂತು, ಅಳಿಸಿದವಳು ನಾನು ಎನ್ನುತ್ತೇನೆ. ಯಾಕೆ ಎಂದು ಅವರು ಕೇಳೇ ಕೇಳುತ್ತಾರೆ. ಅವಳು ಬರೆದದ್ದು ನಿಜವಾಗಿತ್ತು, ಅದಕ್ಕೆ ಎನ್ನಲೇ? ಅದೂ ಒಂದು ಕಾರಣವಾಗುತ್ತದೆಯೇ, ಅಕ್ಕೋರೆ?