ಸೋಮವಾರ ಹಳ್ಳದಲ್ಲಿ ಹೂತ ಮೋಟಾರು

ಫಸಲಿ ೧೩೪೭, ಅಮರ್ದಾದ್ ತಿಂಗಳು, ಸೋಮವಾರ

ಮೋಟಾರು ಇಂದು ಮತ್ತೆ ನಿಂತಿತು. ಕೆಟ್ಟು ನಿಂತದ್ದಲ್ಲ, ಇಂಜಿನ್ನು ಚೆನ್ನಾಗಿಯೇ ಇತ್ತು. ಸಿಂಧನೂರಿನಿಂದ ಲಿಂಗಸೂಗೂರಿಗೆ ಮರಳುವಾಗ, ಮಸ್ಕಿ ಹಳ್ಳದ ಉಸುಕಿನಲ್ಲಿ ಹಿಂದಿನ ಗಾಲಿಗಳು ಹೂತವು. ತಿರುಗಿದಷ್ಟೂ ಒಳಗೇ ಇಳಿದವು, ಪೆಟ್ರೋಲು ಸುಮ್ಮನೆ ಸುಟ್ಟುಹೋಯಿತು. ಮೇಲೆ ಮೋಡ ಕಟ್ಟಿತ್ತು. ಹಳ್ಳಕ್ಕೆ ನೀರು ಬಂದರೆ ಮೋಟಾರಿನ ಆಸೆ ಬಿಡಬೇಕಿತ್ತು.

ದಂಡೆಯ ಹೊಲದ ಅಮರಗುಂಡಪ್ಪನ ಬಳಿ ಓಡಿದೆ. ಮೋಟಾರು ಕೊಳ್ಳಲು ಹೋದ ವರ್ಷ ನನ್ನ ಜೋಡೆತ್ತು ಮಾರಿದ್ದು ಇವನಿಗೇ. ಎರಡೂ ಬೇವಿನ ಬುಡದಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು.

"ಎತ್ತು ಹೂಡಪ್ಪಾ, ಮೋಟಾರು ಜಗ್ಗಿಸೋಣ," ಅಂದೆ.

"ಇವತ್ತು ಸೋಮವಾರ ರೀ ಸಾವ್ಕಾರ್ರ. ಬಸವಣ್ಣನ ಹೆಗಲಿಗೆ ನೊಗ ಇಡಂಗಿಲ್ಲ. ನಿಮ್ಮ ಮನ್ಯಾಗ ಇದ್ದಾಗ ನೀವು ಇಡತಿದ್ರೇನು?"

ಇಡುತ್ತಿರಲಿಲ್ಲ.

"ಸೋಮವಾರ ಎತ್ತಿಗೆ ಐತ್ರಿ, ನಮಗೇನಿಲ್ಲ. ನಡೀರಿ," ಎಂದು ಅವನೇ ಹಗ್ಗ ತಂದ. ಅವನ ತಮ್ಮಂದಿರೂ ಬಂದರು. ನಾನೂ ಧೋತರ ಮೇಲೆ ಕಟ್ಟಿ ಹಗ್ಗವನ್ನು ಹೆಗಲಿಗೆ ಹಾಕಿಕೊಂಡೆ. ಮೋಟಾರು ದಡ ಹತ್ತುವುದಕ್ಕೂ ಮಳೆ ಹೊಡೆಯುವುದಕ್ಕೂ ಸರಿಹೋಯಿತು.

ಮನೆಯಲ್ಲಿ ಗುರುಲಿಂಗಮ್ಮ ನನ್ನ ಹೆಗಲಿಗೆ ಬಿಸಿ ಎಣ್ಣೆ ತಿಕ್ಕುತ್ತ ಎಲ್ಲವನ್ನೂ ಕೇಳಿದಳು. ಎತ್ತು ಮಾರಬೇಡಿರೆಂದು ಆಗ ಹಟ ಹಿಡಿದಿದ್ದ ಹೆಂಡತಿ ಇಂದು ಬೈಯಲಿಲ್ಲ. ಹಗ್ಗದ ಬರೆಯ ಮೇಲೆ ಬೆರಳಾಡಿಸಿ, "ಎರಡೂ ಮಾರಿದ್ರಿ ಅಂತ ತಿಳಿದಿದ್ದೆ. ಒಂದು ಮನ್ಯಾಗ ಉಳದೈತಿ ನೋಡ್ರಿ," ಅಂದಳು.

ನಕ್ಕರೆ ಹೆಗಲು ನೋಯುತ್ತದೆ.