ಮನೆಗೊಂದೇ ಬಲ್ಬು

ಮಾರ್ಚ್ ೯, ಭಾನುವಾರ ಸಂಜೆ

ಪ್ರಿಯ ಕತ್ತರಿಗೆ,

ನಿನ್ನ ಜುಗ್ಗಪ್ಪನ ಸಾಷ್ಟಾಂಗ ನಮಸ್ಕಾರ. ಅಕ್ಕನ ಮನೆಯಲ್ಲಿ ನೀನು ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾನು, ಅಡುಗೆಮನೆಯ ಹಲ್ಲಿ ಮತ್ತು ನೀನು ಬಿಟ್ಟುಹೋದ ಹಳೆಯ ಚಪ್ಪಲಿ, ಮೂವರೂ ಕ್ಷೇಮ. ಪತ್ರ ತಡವಾದದ್ದಕ್ಕೆ ಬೈಯಬೇಡ. ಎರಡು ಪತ್ರದ ಸುದ್ದಿಯನ್ನು ಒಂದರಲ್ಲೇ ತುಂಬಿಸಿದರೆ ಒಂದು ಅಂಚೆಚೀಟಿ ಉಳಿಯುತ್ತದೆಂದು ಕಾದೆ. ಕಾದು ಕಾದು ಮೂರು ತಿಂಗಳಾಯಿತು. ಫೋನು ಮಾಡಬಾರದಿತ್ತೇ ಎನ್ನುತ್ತೀಯ. ಮಾಡಿದ್ದೆ ಮಾರಾಯ್ತಿ. ಪ್ರತಿ ಸಲವೂ ನಿನ್ನಕ್ಕನೇ ಎತ್ತಿಕೊಂಡು "ಅವಳು ಹೊಲೀತಾ ಇದಾಳೆ" ಎಂದರು. ಹೊತ್ತುಗೊತ್ತಿಲ್ಲದೆ ಬಟ್ಟೆ ಹೊಲಿಸುವ ಊರು ಅದೆಂದು ನನಗೆ ತಿಳಿದಿರಲಿಲ್ಲ.

ನನ್ನ ಹಿಂದಿನ ಪತ್ರಕ್ಕೆ ನೀನು ಬರೆದ ಉತ್ತರ ಬಾಯಿಪಾಠವಾಗಿದೆ. "ಆರಾಮಾಗಿದೀನಿ. ಇಲ್ಲಿ ಎಲ್ಲಾ ರೂಮಲ್ಲೂ ಲೈಟಿದೆ." ಅಷ್ಟೇ. ಮಾತಿನಲ್ಲಿ ಇಷ್ಟು ಉಳಿತಾಯ ಮಾಡಬಲ್ಲವಳು ನನ್ನ ಶಿಷ್ಯೆಯೇ ಸರಿ ಎಂದು ಮೊದಲು ಬೀಗಿದೆ. ಆ ಹೊತ್ತು ಊಟ ಮಾತ್ರ ಸೇರಲಿಲ್ಲ. ಊಟವೂ ಉಳಿಯಿತು ಎನ್ನು.

ಈಗ ದೊಡ್ಡ ಸುದ್ದಿ. ಕೈಯಲ್ಲಿ ಸೂಜಿ ಇದ್ದರೆ ಕೆಳಗಿಡು. ನಿನ್ನೆ ನಾನು ಕೆಲಸ ಬಿಟ್ಟೆ!

ಬಿಡಿಸಿದ್ದಲ್ಲ, ನಾನೇ ಬಿಟ್ಟದ್ದು. ಬ್ಯಾಂಕಿನಲ್ಲಿ ಕೂತಿರುವ ದುಡ್ಡು ಇನ್ನು ಮೇಲೆ ತಾನೇ ದುಡಿದು ನಮ್ಮಿಬ್ಬರನ್ನೂ ಸಾಕುತ್ತದೆ. ಮೂವತ್ತೈದು ತುಂಬುವ ಮೊದಲು ಯಾರ ಹಂಗೂ ಇಲ್ಲದೆ ಬದುಕುತ್ತೇನೆಂದು ಮದುವೆಯ ವಾರದಲ್ಲೇ ನಿನಗೆ ಮಾತು ಕೊಟ್ಟಿದ್ದೆ. ಇನ್ನೆರಡು ತಿಂಗಳು ಬಾಕಿ ಇರುವಾಗಲೇ ಉಳಿಸಿಕೊಂಡಿದ್ದೇನೆ. ಅದರಲ್ಲೂ ಉಳಿತಾಯ, ನೋಡು.

ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ನಿನ್ನೆ ಬೀಳ್ಕೊಡುಗೆ. ಮ್ಯಾನೇಜರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಏನಯ್ಯಾ, ಈ ವಯಸ್ಸಿಗೇ ರಿಟೈರಾಗ್ತೀಯ? ಲಾಟ್ರಿ ಹೊಡೀತಾ?"

"ಇಲ್ಲ ಸಾರ್. ಲಾಟ್ರಿ ತಗೊಳ್ಲಿಲ್ಲ, ಅದಕ್ಕೇ."

ಎಲ್ಲರೂ ನಕ್ಕರು. ಇಷ್ಟು ವರ್ಷ ಈ ಊರಿಗೆ ಬಂದ ಸಿರಿವಂತರೆಲ್ಲ ನಾನು ಇಸ್ತ್ರಿ ಮಾಡಿದ ಹಾಸಿಗೆಬಟ್ಟೆಯ ಮೇಲೆಯೇ ಗೊರಕೆ ಹೊಡೆದಿದ್ದಾರೆಂದು ಒಂದು ಪುಟ್ಟ ಭಾಷಣವನ್ನೂ ಬಿಗಿದೆ. ಗೆಳೆಯರು ಚಂದಾ ಎತ್ತಿ ಎರಡು ಕಾಫಿ ಕಪ್ಪು ಕೊಟ್ಟರು. ನೀನು ಇಲ್ಲಿಲ್ಲವೆಂದು ಅವರಿಗೆ ಹೇಳಿಲ್ಲ. ಗೇಟಿನ ಹತ್ತಿರ ಸೋಪಿನ ತಾತ ಸಿಕ್ಕಿದ. ಅದೇ, ಕಲೆ ತೆಗೆಯುವ ಮುದುಕ, ಎಲ್ಲರ ಕಾಲನ್ನೂ ಎಳೆಯುವವನು.

"ಬಿಡುಗಡೆ ಆಯ್ತಂತೆ? ಜೈಲಿಂದ ಬರೋರ್ಗೂ ಗೇಟಲ್ಲಿ ಯಾರಾದ್ರೂ ಒಬ್ರು ಕಾಯ್ತಿರ್ತಾರಪ್ಪ. ನಿನ್ಗೆ ಯಾರಿದಾರೆ?"

"ತಾತ, ಬಸ್ಸು ಬಂತು" ಎಂದು ಓಡಿದೆ. ನಾನು ಬಸ್ಸು ಹತ್ತುವವನಲ್ಲ, ನಡೆದೇ ಹೋಗುವವನು ಎಂಬುದು ಅವನಿಗೂ ಗೊತ್ತು. ಪಾಪ, ಕೂಗಿ ಕರೆಯಲಿಲ್ಲ.

ಇವತ್ತು ಮಧ್ಯಾಹ್ನದವರೆಗೂ ಮಲಗಿದ್ದೆ. ಎದ್ದವನು ನೇರ ಅಂಗಡಿಗೆ ಹೋಗಿ ಏನು ತಂದೆ, ಊಹಿಸು. ಬಲ್ಬುಗಳು! ಕೋಣೆಗೊಂದರಂತೆ, ಬಚ್ಚಲಿಗೂ ಒಂದು. ಅಂಗಡಿಯವನು ಚೌಕಾಸಿಗೆ ಸಿದ್ಧನಾಗಿ ಉಸಿರು ಬಿಗಿ ಹಿಡಿದು ನಿಂತಿದ್ದ. ಹೇಳಿದಷ್ಟು ಕೊಟ್ಟು ಬಂದೆ. ಅವನಿಗೆ ಏನೋ ಕಳೆದುಕೊಂಡಂತಾಗಿರಬೇಕು.

ನಮ್ಮ ಒಂಟಿ ಬಲ್ಬಿನ ಕಾಲ ನಿನಗೆ ನೆನಪಿದೆಯೇ? ಕೂತ ಕೋಣೆಗೆ ಮಾತ್ರ ಬೆಳಕು ಎಂಬುದು ಮನೆಯ ಸಂವಿಧಾನ. ಅಡುಗೆಯಾದ ಮೇಲೆ ನೀನು ಬಲ್ಬು ಬಿಚ್ಚಿ, ಸುಡುವ ಬಲ್ಬನ್ನು ಟವಲಿನಲ್ಲಿ ಸುತ್ತಿ, ಕತ್ತಲಲ್ಲಿ ತಡವರಿಸುತ್ತ ನಡುಮನೆಗೆ ಮೆರವಣಿಗೆ ಬರುತ್ತಿದ್ದೆ. ನಾನು ಸ್ಟೂಲು ಹಿಡಿದುಕೊಂಡು ಹಿಂದೆ. "ರೀ, ದೇವ್ರೂ ಸೂರ್ಯನ್ನ ಒಂದೇ ಇಟ್ಟಿರೋದು. ಆದ್ರೆ ಅವ್ನು ಬಿಚ್ಕೊಂಡು ಓಡಾಡಲ್ಲ" ಎಂದು ನೀನೊಮ್ಮೆ ಅಂದಿದ್ದೆ. ಮೊದಮೊದಲು ಅದರಿಂದ ಒಳ್ಳೆಯದೇ ಆಯಿತು. ಒಂದೇ ಬೆಳಕೆಂದ ಮೇಲೆ ಇಬ್ಬರೂ ಒಂದೇ ಕಡೆ ಕೂರಬೇಕಲ್ಲ. ನೀನು ಗುಂಡಿ ಹೊಲಿಯುತ್ತಿದ್ದೆ, ನಾನು ನನ್ನ ಬೂಟಿಗೆ ನಾನೇ ತೇಪೆ ಹಾಕುತ್ತಿದ್ದೆ. ಆಮೇಲೆ ನಾನು ಎರಡೆರಡು ಪಾಳಿ ಹಿಡಿದೆ. ರಜಾ ದಿನ ದುಪ್ಪಟ್ಟು ಸಂಬಳವೆಂದು ಆಗಲೂ ಹೋದೆ. ಸೂರ್ಯ ಏಳುವ ಮೊದಲೇ ನೆಲಮಾಳಿಗೆಗೆ ಇಳಿದವನು ಕತ್ತಲಾದ ಮೇಲೆ ಮೇಲೆ ಬರುತ್ತಿದ್ದೆ. ಈ ಮನೆಯನ್ನು ಹಗಲು ಹೊತ್ತು ನಾನು ಸರಿಯಾಗಿ ನೋಡಿದ್ದು ಇವತ್ತೇ. ನಡುಮನೆಯ ಗೋಡೆ ಹಸಿರು ಬಣ್ಣದ್ದೆಂದು ನನಗೆ ಹೇಳಬಾರದಿತ್ತೇ?

ಈಗ ಬೀದಿಯಲ್ಲಿ ನಮ್ಮದೇ ಝಗಝಗಿಸುವ ಮನೆ. ಪಕ್ಕದ ಮನೆಯಾಕೆ ಬಂದು "ಏನ್ ವಿಶೇಷ, ನಿಮ್ಮನೆಯವ್ರು ಬಂದ್ರಾ?" ಎಂದು ಕೇಳಿಯೂ ಹೋದರು. ಹಿಂದಿನ ಚಿಕ್ಕ ಕೋಣೆಗೆ ಮಾತ್ರ ಇನ್ನೂ ಬೆಳಕಿಲ್ಲ. ಕತ್ತಲಲ್ಲೇ ಕೈಯಾಡಿಸಿ ನೋಡಿದೆ, ಹೋಲ್ಡರು ತುಕ್ಕು ಹಿಡಿದಿದೆ. ನಾಳೆ ಎಲೆಕ್ಟ್ರಿಷಿಯನ್ ಬರುತ್ತಾನೆ. ಸದ್ಯಕ್ಕೆ ಬೇಡದ ಕೋಣೆ, ಬಾಗಿಲು ಮುಚ್ಚಿಟ್ಟರೆ ಪೊರಕೆ ಸವೆಯುವುದು ತಪ್ಪುತ್ತದೆ ಎಂದು ಅಪ್ಪಣೆ ಕೊಟ್ಟಿದ್ದವನು ನಾನೇ.

ಆ ಕೋಣೆ ಯಾರಿಗೆಂದು ನಾನು ಮರೆತಿಲ್ಲ. ಮದುವೆಯಾದ ಎರಡನೆಯ ವರ್ಷ ನೀನು ಮಗುವಿನ ಮಾತೆತ್ತಿದಾಗ "ಮೊದಲು ಬಿಡುಗಡೆ, ಆಮೇಲೆ ತೊಟ್ಟಿಲು" ಎಂದಿದ್ದೆ. ನೀನು ಮತ್ತೆ ಕೇಳಲಿಲ್ಲ. ನಿನಗೂ ಒಪ್ಪಿಗೆ ಎಂದುಕೊಂಡೆ. ಹೋದ ವರ್ಷ ನೀನು ಡಾಕ್ಟರಮ್ಮನ ಹತ್ತಿರ ಒಬ್ಬಳೇ ಹೋಗಿಬಂದು "ಎರಡ್ ಮೂರ್ ವರ್ಷ ಮುಂಚೆ ಬಂದಿದ್ರೆ ಏನಾದ್ರೂ ಮಾಡ್ಬೋದಿತ್ತಂತೆ" ಎಂದೆ. ನಾನು "ಫೀಸು ಎಷ್ಟಾಯ್ತು?" ಎಂದೆ. ಬಾಯಿಯ ಚಾಳಿ ಕಣೇ. ಇಸ್ತ್ರಿಪೆಟ್ಟಿಗೆ ಕಂಡಲ್ಲಿ ನನ್ನ ಕೈ ತಾನಾಗಿ ಹೋಗುವ ಹಾಗೆ ನಾಲಿಗೆಯೂ ಹೋಯಿತು. ನೀನು ಬಲ್ಬು ಬಿಚ್ಚಿಕೊಂಡು ಅಡುಗೆಮನೆಗೆ ಹೋದೆ. ನಾನು ಕತ್ತಲಲ್ಲಿ ಕೂತು ಉತ್ತರಕ್ಕೆ ಕಾದೆ.

ಆಮೇಲೆ ನೀನು ಎರಡು ವಾರ ಅಕ್ಕನ ಮನೆಗೆ ಎಂದು ಹೊರಟೆ. ಹೊಲಿಗೆ ಮಿಷನ್ನು ಹೊರಿಸಿಕೊಂಡು ಹೋದವಳು ಎರಡು ವಾರಕ್ಕೆ ಹೋದವಳಲ್ಲ ಎಂದು ಹೊಳೆಯಲು ನನ್ನಂಥ ಲೆಕ್ಕಾಚಾರದವನಿಗೆ ಒಂದು ತಿಂಗಳು ಬೇಕಾಯಿತು.

ಆದರೂ ಕೇಳು. ಡಾಕ್ಟರುಗಳು ಹೇಳಿದ್ದೆಲ್ಲ ವೇದವಾಕ್ಯವಲ್ಲ. ಬೇರೆಯವರನ್ನು ನೋಡೋಣ, ದೊಡ್ಡ ಆಸ್ಪತ್ರೆಗೇ ಹೋಗೋಣ, ಆಟೋದಲ್ಲಿ! ಫೀಸಿನ ಸುದ್ದಿ ಎತ್ತಿದರೆ ನನ್ನ ನಾಲಿಗೆಗೆ ನಿನ್ನ ಕೈಯಾರೆ ಹೊಲಿಗೆ ಹಾಕು. ಇನ್ನು ಇಪ್ಪತ್ತನಾಲ್ಕು ಗಂಟೆಯೂ ನಾನು ನಿನ್ನವನೇ. ಬೇಡವೆಂದರೂ ಮನೆಯಲ್ಲೇ ಬಿದ್ದಿರುತ್ತೇನೆ. ಬಂದುಬಿಡು.

ನಿನ್ನಕ್ಕನಿಗೂ ಷಡ್ಡಕರಿಗೂ ನಮಸ್ಕಾರ. ಮಕ್ಕಳಿಗೆ ಈ ಜುಗ್ಗ ಚಿಕ್ಕಪ್ಪನ ಆಶೀರ್ವಾದ. ಅದಕ್ಕೆ ಖರ್ಚಿಲ್ಲವಾದ್ದರಿಂದ ಧಾರಾಳವಾಗಿ ಹಂಚು. ನಿನ್ನ ಸೂಜಿ ಮೊಂಡಾಗದಿರಲಿ, ನಿನ್ನ ಕಣ್ಣು ತಣ್ಣಗಿರಲಿ.

ಇಂತು ನಿನ್ನ,
ಜುಗ್ಗಪ್ಪ

ಮರೆತ ಮಾತು: ಇದನ್ನು ಬರೆಯುತ್ತಿರುವುದು ಸೋಮವಾರ. ಲಕೋಟೆ ಅಂಟಿಸಿಯಾಗಿತ್ತು, ಹರಿದೆ. ಒಂದು ಲಕೋಟೆ ದಂಡ.

ಎಲೆಕ್ಟ್ರಿಷಿಯನ್ ಬೆಳಿಗ್ಗೆ ಬಂದ. ಹೊಸ ಹುಡುಗ, ಈ ಬೀದಿಗೆ ಬಂದು ಇನ್ನೂ ತಿಂಗಳಾಗಿಲ್ಲ. ನಾನು ಬಾಗಿಲಲ್ಲಿ ಸ್ಟೂಲು ಹಿಡಿದು ನಿಂತಿದ್ದೆ. ಹೋಲ್ಡರು ಬದಲಿಸಿ, ಬಲ್ಬು ಹಾಕಿ, ಸ್ವಿಚ್ಚು ಒತ್ತಿದ. ಒತ್ತಿದವನು ಬಾಗಿಲ ಚೌಕಟ್ಟಿನ ಒಳಬದಿ ನೋಡಿ ನಕ್ಕ.

"ಅಣ್ಣಾ, ನಿಮ್ಗೆ ಮಗು ಇರೋದೇ ಗೊತ್ತಿರ್ಲಿಲ್ಲ. ಎಷ್ಟ್ನೇ ಕ್ಲಾಸು?"

ಬಗ್ಗಿ ನೋಡಿದೆ. ನಿನ್ನ ಹಳೆಯ ಅಳತೆಟೇಪು ನೆಲದಿಂದ ಮೇಲಕ್ಕೆ ಅಂಟಿಸಿತ್ತು. ಅದರ ಪಕ್ಕದಲ್ಲಿ ನೀನು ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಗೆರೆಗಳು. ನನ್ನ ಮೊಣಕಾಲಿನ ಮೇಲೊಂದು, ಅದರ ಪಕ್ಕ "ನಿಂತಿತು". ಸ್ವಲ್ಪ ಮೇಲೆ "ಮಾತು". ಇನ್ನೂ ಮೇಲೆ "ಶಾಲೆ". ಎಲ್ಲಕ್ಕಿಂತ ಮೇಲಿನದು ನನ್ನ ಸೊಂಟಕ್ಕಿಂತ ಒಂದು ಗೇಣು ಮೇಲಿದೆ. ಅದರ ಪಕ್ಕ "ಮುಂದಿನ ಹಲ್ಲು ಬಿತ್ತು" ಎಂದಿದೆ, ಹೋದ ವರ್ಷದ ತಾರೀಖಿನ ಜೊತೆ. ಅದರ ಮೇಲೆ ಗೆರೆಯಿಲ್ಲ.

"ಒಂದನೇ ಕ್ಲಾಸು" ಎಂದೆ. "ದೊಡ್ಡಮ್ಮನ ಊರಿಗೆ ಹೋಗಿದೆ, ಅಮ್ಮನ ಜೊತೆ."

ಕೂಲಿ ಕೊಡಲು ಹೋದೆ. ಎಣಿಸದೆಯೇ ಕೊಟ್ಟೆ ಕಣೇ. ಅವನು ಅದನ್ನು ನನ್ನ ಕೈಗೇ ತಿರುಗಿ ತುರುಕಿದ. "ಇಷ್ಟ್ ಚಿಕ್ಕ ಕೆಲ್ಸಕ್ಕೆ ಬೇಡಣ್ಣ. ಮಗು ಬಂದಾಗ ಏನಾದ್ರೂ ತಂದ್ಕೊಡಿ."

ಅವನು ಹೋದ. ದುಡ್ಡು ಆ ಕೋಣೆಯ ಕಿಟಕಿಯ ಮೇಲಿದೆ. ಬ್ಯಾಂಕಿಗೆ ಹಾಕಲಾರೆ, ಖರ್ಚು ಮಾಡಲಾರೆ. ಹುಡುಗನೋ ಹುಡುಗಿಯೋ, ನೀನು ಎಲ್ಲೂ ಬರೆದಿಲ್ಲ. ಅದನ್ನಾದರೂ ತಿಳಿಸು.